ದೀಪ ನಂದುಸದ್ದೆ ಬತ್ತಿ ಬದಲ್ಸುದು

"ದೊಡ್ಡ ಮಾಣಿಗೆ ಬೆಂಗ್ಳೂರಿಲಿ ಎಂತ ಕೆಲಸ?" ಹೇಳಿ ಆರಾರು ಕೇಳಿರೆ ಎಂಗಳ ಅಬ್ಬೆ "ಅದೆಂತದೋ ಸ್ವಿಚ್ಚು ರಿಪೇರಿಯಡ" ಹೇಳುಗು. ಕೇಳಿದವು ಒಂದರಿ ಗೋಡೆಲಿಪ್ಪ ಲೈಟಿನ ಸ್ವಿಚ್ಚು ನೋಡುಗು, ಮತ್ತೆ ಎನ್ನ ಮೋರೆ ನೋಡುಗು. ಇಂಜಿನಿಯರಿಂಗು ಕಲ್ತು ಅಕೇರಿಗೆ ವಯರಿಂಗಿನ ಕೆಲಸವೋ ಹೇಳಿ ಅವರ ಮನಸ್ಸಿಲಿ ಬಂದದು ಎನಗೂ ಗೊಂತಾವುತ್ತು. 15 ವರ್ಷ ಆತು, ಆನು ತಿದ್ದಲೆ ಹೋಯಿದಿಲ್ಲೆ.

ಎಂಗಳ ಮನೆ ಬೆಳುವಾಯಿಲಿ. ಮೂಡುಬಿದ್ರೆಂದ ಕಾರ್ಕಳಕ್ಕೆ ಹೋಪ ಹೆದ್ದಾರಿಂದ ರಜ ಒಳ ಬರೆಕ್ಕು. ಈಗ ಹೆರಾಣವಕ್ಕೆ ಬೆಳುವಾಯಿ ಹೇಳಿರೆ ಚಿಟ್ಟೆ ಪಾರ್ಕು. ಎಂಗೊಗೆ ಬೆಳುವಾಯಿ ಹೇಳಿರೆ ಅಡಕ್ಕೆ ತೋಟ, ಎರಡು ದನ, ಒಂದು ಪಂಪು, ಮತ್ತೆ ಮೇ ತಿಂಗಳ ಸೆಡ್ಲು.

ಈ ಸೆಡ್ಲಿನ ಸಂಗತಿ ಹೇಳದ್ದೆ ಕತೆ ಮುಂದೆ ಹೋಗ. ಮಳೆಗಾಲ ಸುರು ಅಪ್ಪ ಮದಲು, ಹೊತ್ತೋಪಗ ಘಾಟಿಯ ಹೊಡೆಂದ ಮೋಡ ಕಟ್ಟಿಯೊಂಡು ಬತ್ತು. ಮದಲಾಣ ಗುಡುಗು ಕೇಳಿದ ಕೂಡ್ಲೆ ಎಂಗಳ ಮನೆಲಿ ಎಲ್ಲೋರಿಂಗೂ ಒಂದೊಂದು ಕೆಲಸ. ಜಾಲಿಲಿ ಒಣಗಲೆ ಹಾಕಿದ ಹಲಸಿನ ಹಪ್ಪಳವ ಅಬ್ಬೆ ಒಳ ತಕ್ಕು. ಅಪ್ಪ ರಬ್ಬರಿನ ಚೆರ್ಪು ಹಾಕಿಯೊಂಡು ಒಂದೊಂದೇ ಪ್ಲಗ್ಗು ತೆಗಗು. ಟೀವಿ, ಫ್ರಿಜ್ಜು, ಇನ್ವರ್ಟರು, ಅಕೇರಿಗೆ ಪಂಪಿನ ಫ್ಯೂಸು. ಒಂದರಿ ಫೋನಿನ ವಯರಿಲಿ ಸೆಡ್ಲು ಬಂದು ಮೋಡೆಮ್ಮು ಕರಂಚಿ ಹೋದ ಮತ್ತೆ ಅಪ್ಪಂಗೆ ವಯರು ಹೇಳಿರೆ ಹಾವಿನ ಹಾಂಗೆ.

2023ರ ಮೇ ತಿಂಗಳಿಲಿ ಆನು ಮನೆಲಿ ಇತ್ತಿದ್ದೆ. ಹಾಂಗಿಪ್ಪ ಒಂದು ಸೆಡ್ಲಿನ ಮರದಿನ ಉದಿಯಪ್ಪಗ ಆಫೀಸಿಂದ ಫೋನು ಬಂತು. ಕೊಡೆಯಾಲದ ಒಂದು ಆಸ್ಪತ್ರೆಲಿ ಎಂಗೊ ನೋಡಿಗೊಂಬ ಒಂದು ಸ್ವಿಚ್ಚಿದ್ದು, ಅದರ ಎರಡು ಪವರ್ ಸಪ್ಲೈಲಿ ಒಂದು ಹೋಯಿದಡ. ಹೊಸತ್ತು ಅಲ್ಲಿಗೆ ಎತ್ತಿದ್ದು, ನೀನು ಹೇಂಗೂ ಊರಿಲೇ ಇದ್ದೆನ್ನೆ, ಹೋಗಿ ಬದಲ್ಸಿಕ್ಕಿ ಬಾ ಹೇಳಿ. ಬೆಳುವಾಯಿಂದ ಕೊಡೆಯಾಲಕ್ಕೆ 45 ಕಿಲೋಮೀಟರು ಹತ್ತರೆ ಅಕ್ಕು.

"ಆನುದೇ ಬತ್ತೆ. ಪಂಪಿನ ಸಾಮಾನು ತೆಗವಲಿದ್ದು" ಹೇಳಿ ಅಪ್ಪ ಅಂಗಿ ಹಾಕಿದವು. ಪಂಪಿಂಗೆ ಎಂತದೂ ಆಯಿದಿಲ್ಲೆ ಹೇಳಿ ಎನಗೆ ಗೊಂತಿತ್ತು.

ಎಡಪದವು ದಾಂಟಿಯಪ್ಪಗ ಅಪ್ಪ ಕೇಳಿದವು, "ಅಲ್ಲಿ ಮೈನು ಆಫ್ ಮಾಡ್ಲೆ ಆರಾರು ಇರ್ತವಲ್ಲದೋ?"

"ಮೈನು ಆಫ್ ಮಾಡ್ಲಿಲ್ಲೆ ಅಪ್ಪ. ಓಡಿಯೊಂಡಿಪ್ಪಗಳೇ ತೆಗದು ಹಾಕುದು."

ಅಪ್ಪ ಎನ್ನ ಮೋರೆ ನೋಡಿದವು. ನಿನ್ನೆ ಹೊತ್ತೋಪಗ ಫ್ರಿಜ್ಜಿನ ಪ್ಲಗ್ಗಿನ ಎರಡು ಬೆರಳಿಲಿ ಹಿಡುದು ಎಳದ ಜೆನ ಅವು.

ಹಾಂಗಾಗಿ ದಾರಿ ಇಡೀ ಎನ್ನ ಕೆಲಸದ ಸಂಗತಿ ಹೇಳೆಕ್ಕಾತು. 15 ವರ್ಷಲ್ಲಿ ಅದು ಸುರು.

ಎನ್ನ ಸ್ವಿಚ್ಚು ಗೋಡೆದಲ್ಲ. ಅದೊಂದು ತಗಡಿನ ಪೆಟ್ಟಿಗೆ, ಮುಂದಾಣ ಹೊಡೆಲಿ ಸಾಲಿಂಗೆ ವಯರು ಕುತ್ತುವ ಒಟ್ಟೆಗೊ. ಆಸ್ಪತ್ರೆಯ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹೋಪ ಮಾತೆಲ್ಲ ಇದರ ಹೊಟ್ಟೆಂದಾಗಿಯೇ ಹೋಯೆಕ್ಕು. ಚೀಟು ಮಾಡುವಲ್ಲಿ ಬರದ ಹೆಸರು ಡಾಕ್ಟ್ರ ಮೇಜಿಂಗೆ, ಲ್ಯಾಬಿನ ನೆತ್ತರ ರಿಪೋರ್ಟು ವಾರ್ಡಿಂಗೆ, ಸ್ಕ್ಯಾನಿನ ಚಿತ್ರ ಆಪರೇಶನಿನ ಕೋಣೆಗೆ. ಮೇಜಿನ ಮೇಲಾಣ ಫೋನುಗೊಕ್ಕೆ, ಕೆಮರಂಗೊಕ್ಕೆ ಕರೆಂಟುದೇ ಇದೇ ವಯರಿಲಿ ಹೋಪದು. ಇದು ನಿಂದ ಕೂಡ್ಲೆ ಆರಾರು ಸಾಯ್ತವು ಹೇಳಿ ಅಲ್ಲ. ಎಲ್ಲೋರೂ ಕಾಗದ ಹಿಡ್ಕೊಂಡು ಮೆಟ್ಲು ಹತ್ತಿ ಇಳುದು ಓಡೆಕ್ಕಾವುತ್ತು. ಹಾಂಗೆ ಓಡುವಗ ತಡವಪ್ಪದು ಆರಿಂಗೆ ಹೇಳಿ ಮದಲೇ ಹೇಳ್ಲೆಡಿಯ.

ಅದಕ್ಕೇ ಇದರಲ್ಲಿ ಹಾಳಪ್ಪ ಸಾಮಾನುಗಳ ಎಲ್ಲ ಬೇರೆ ಬೇರೆ ಮಾಡಿ, ಮೇಜಿನ ಡ್ರಾವರಿನ ಹಾಂಗೆ ಎಳದು ತೆಗವ ಹಾಂಗೆ ಮಡಗಿರ್ತವು. ಪವರ್ ಸಪ್ಲೈ, ಫ್ಯಾನು, ಬೆಣಚ್ಚಿನ ವಯರು ಕುತ್ತುವ ಕಿರುಬೆರಳಿನಷ್ಟಕೆ ಇಪ್ಪ ಎಸ್‌ಎಫ್‌ಪಿ, ದೊಡ್ಡ ಪೆಟ್ಟಿಗೆ ಆದರೆ ಇಡೀ ಇಡೀ ಕಾರ್ಡುಗೊ. ಪೆಟ್ಟಿಗೆ ಓಡಿಯೊಂಡೇ ಇರ್ತು, ಒಂದರ ಎಳದು ಇನ್ನೊಂದರ ನೂಕಿರೆ ಆತು. ಎಂಗೊ ಇದಕ್ಕೆ ಹಾಟ್ ಸ್ವಾಪ್ ಹೇಳುದು. ಹಾಟ್ ಹೇಳಿರೆ ಇಲ್ಲಿ ಬೆಶಿ ಅಲ್ಲ, ಕರೆಂಟಿಪ್ಪಗಳೇ ಹೇಳಿ ಅರ್ಥ.

"ನವರಾತ್ರಿಯ ನಂದಾದೀಪದ ಹಾಂಗೆ" ಹೇಳಿದೆ ಆನು. ಎಂಗಳ ಅಜ್ಜಿ 9 ದಿನ ದೇವರೊಳ ದೀಪ ನಂದದ್ದ ಹಾಂಗೆ ನೋಡಿಗೊಂಡಿತ್ತು. ದೀಪಲ್ಲಿ ಏವಗಳೂ ಎರಡು ಬತ್ತಿ. ಒಂದು ಕರಂಚಿದರೆ, ಮದಲು ಇನ್ನೊಂದರ ನೋಡುಗು, ರಜ ಎಣ್ಣೆ ಎರಗು, ಅದು ಚೆಂದಕೆ ಹೊತ್ತುತ್ತು ಹೇಳಿ ಆದ ಮತ್ತೆ ಕರಂಚಿದ್ದರ ಕಡ್ಡಿಲಿ ದೂಡಿ ತೆಗದು ಹೊಸ ಬತ್ತಿ ಮಡಗುಗು.

"ಅಂಬಗ ನೋಡೆಕ್ಕಾದ್ದು ಹಾಳಾದ್ದರ ಅಲ್ಲ, ಒಳುದ್ದರ" ಹೇಳಿದವು ಅಪ್ಪ.

ಎಂಗಳ ಕಂಪೆನಿಯ ಪುಸ್ತಕಲ್ಲಿ ಇದರ ಹೇಳ್ಲೆ 40 ಪುಟ ಬರದ್ದವು.

ಅಪ್ಪ ಬಿಟ್ಟಿದವಿಲ್ಲೆ. ಕರೆಂಟಿಪ್ಪಗ ಕುತ್ತಿರೆ ಕಿಡಿ ಹಾರದೋ? ಸರಿಯಾದ ಪ್ರಶ್ನೆಯೇ. ಪಂಪಿನ ಸ್ಟಾರ್ಟರಿಲಿ ಅವು ಎಷ್ಟು ಕಿಡಿ ನೋಡಿದ್ದವೋ ಏನೋ. ಕಿಡಿ ಹಾರದ್ದಾಂಗೆ ಮಾಡಿದ್ದು ಒಂದು ಸಣ್ಣ ಉಪಾಯಲ್ಲಿ. ಎಳದು ತೆಗವ ಮೋಡ್ಯೂಲಿನ ಹಿಂದೆ ಪಿನ್ನುಗೊ ಇರ್ತನ್ನೆ, ಅವೆಲ್ಲ ಒಂದೇ ಉದ್ದ ಇರ್ತಿಲ್ಲೆ. ಎಲ್ಲದರಿಂದ ಉದ್ದದ್ದು ಅರ್ತಿನ ಪಿನ್ನು, ಒಳ ನೂಕುವಗ ಅದು ಮದಾಲು ಮುಟ್ಟುತ್ತು. ಅದಾದ ಮತ್ತೆ ಕರೆಂಟಿನ ಪಿನ್ನು. ಮತ್ತೆ ಮಾತಾಡುವ ಪಿನ್ನುಗೊ. ಎಲ್ಲದರಿಂದ ಗಿಡ್ಡದ್ದು ಒಂದು ಇರ್ತು, ಅದು ಅಕೇರಿಗೆ ಮುಟ್ಟಿ 'ಆನು ಪೂರ್ತಿ ಕೂದೆ' ಹೇಳ್ತು. ಅದು ಹೇಳಿದ ಮತ್ತೆಯೇ ಹೊಸತ್ತು ಭಾರ ಹೊರುದು. ಎಳದು ತೆಗವಗ ಇದೇ ತಿರುಗಾಸು. ಗಿಡ್ಡದ್ದು ಮದಲು ಬಿಟ್ಟು 'ಆನು ಹೆರಟೆ' ಹೇಳ್ತು, ಅರ್ತು ಅಕೇರಿಗೆ ಬಿಡುದು. ಇನ್ನೊಂದು, ಹೊಸತ್ತರ ಒಳ ಇಪ್ಪ ಕೆಪ್ಯಾಸಿಟರುಗೊ ಬರೀ ಹೊಟ್ಟೆಲಿ ಇರ್ತು. ಮುಟ್ಟಿದ ಕೂಡ್ಲೆ ಒಂದೇ ಗುಟುಕಿಲಿ ಕರೆಂಟು ಕುಡಿವಲೆ ಹೆರಡ್ತು. ಬಿಟ್ಟರೆ ಹತ್ತರಾಣ ಕಾರ್ಡುಗೊಕ್ಕೆ ಕರೆಂಟು ಎತ್ತದ್ದೆ ಅವುದೇ ಬೀಳುಗು. ಹಾಂಗಾಗಿ ಬಾಗಿಲಿಲಿ ಒಂದು ಸಣ್ಣ ಸರ್ಕ್ಯೂಟು ಕೂದು ರಜ ರಜವೇ ಬಿಡ್ತು.

"ನೆಂಟ್ರು ಬಂದ ಹಾಂಗೆ" ಹೇಳಿದವು ಅಪ್ಪ. "ಮದಲು ಕಾಲು ತೊಳವಲೆ ನೀರು. ಮತ್ತೆ ಆಸರಿಂಗೆ. ಮತ್ತೆ ಮಾತು."

ಈಗ ಆಫೀಸಿಲಿ ಹೊಸಬ್ಬರಿಂಗೆ ಹೇಳಿಕೊಡುವಗ ಆನುದೇ ಹೀಂಗೇ ಹೇಳುದು. ಕಾಲು ತೊಳವದು ಎಂತಕೆ ಹೇಳಿ ಬೆಂಗ್ಳೂರಿನ ಮಕ್ಕೊಗೆ ಮತ್ತೆ ವಿವರ್ಸೆಕ್ಕಾವುತ್ತು, ಅದು ಬೇರೆ.

ಆಸ್ಪತ್ರೆಲಿ ಆ ಕೋಣೆಗೆ ಹೋಯೆಕ್ಕಾರೆ ರಿಜಿಸ್ಟರಿಲಿ ಹೆಸರು ಬರೆಯೆಕ್ಕು. ಅಪ್ಪನ ಹೆಸರಿನ ಎದುರು 'ಹೆಲ್ಪರ್' ಹೇಳಿ ಬರದವು. ಅಪ್ಪಂಗೆ ಕೊಶಿಯೇ ಆತು ಹೇಳಿ ಕಾಣ್ತು. ಬಾಗಿಲಿನ ಹತ್ತರೆ ಒಂದು ಸ್ಟೂಲು ಕೊಟ್ಟವು, ಹೆಗಲಿನ ತುಂಡಿನ ಕೆಮಿಗೆ ಸುತ್ತಿಯೊಂಡು ಕೂದವು. ಎ.ಸಿ.ಯ ಚಳಿ ಹಾಂಗಿತ್ತು.

ಆ ಕೋಣೆಗಳಲ್ಲಿ ಫ್ಯಾನುಗಳ ಒಂದು ಶಬ್ದ ಇರ್ತು, ಜೇನಿನ ಎರಿ ಹತ್ತರೆ ಕೆಮಿ ಮಡಗಿದ ಹಾಂಗೆ. ಎನಗೆ ಆ ಶಬ್ದ ಇಷ್ಟ. ಅದು ನಿಂಬದರ ಆನು ಒಂದರಿ ಕೇಳಿದ್ದೆ.

2011ರ ಸಂಗತಿ ಅದು. ಕೆಲಸಕ್ಕೆ ಸೇರಿ 3 ವರ್ಷ ಆಗಿತ್ತಷ್ಟೆ. ಬೆಂಗ್ಳೂರಿನ ಒಂದು ಆಫೀಸಿಲಿ ಇದೇ ಕೆಲಸ, ಹಾಳಾದ ಪವರ್ ಸಪ್ಲೈ ಬದಲ್ಸುದು. ಸ್ವಿಚ್ಚಿನ ಮುಂದಂದ ನೋಡಿದೆ, ಎಡದ್ದು ಹೋಯಿದು ಹೇಳಿ ಮನಸ್ಸಿಲಿ ಮಡಗಿಯೊಂಡೆ. ಸುತ್ತು ಬಂದು ಹಿಂದೆ ನಿಂದೆ. ಹಿಂದಂದ ನಿಂದರೆ ಎಡ ಹೇಳಿರೆ ಬಲ ಅಲ್ಲದೋ? ಕಿತ್ತಳೆ ದೀಪ ಅಲ್ಲೇ ಹೊತ್ತಿಯೊಂಡಿತ್ತು, ನೋಡಿರೆ ಕಾಣ್ತಿತ್ತು. ಆನು ನೋಡಿದ್ದಿಲ್ಲೆ. ಗೊಂತಿದ್ದು ಹೇಳಿ ಗ್ರೇಶಿದವಂಗೆ ನೋಡೆಕ್ಕು ಹೇಳಿ ಎಲ್ಲಿ ಕಾಣ್ತು! ಎಡದ್ದರ ಎಳದೆ. ಶಬ್ದ ನಿಂದತ್ತು.

ಕೂಡ್ಲೆ ವಾಪಾಸು ನೂಕಿದೆ. ಆದರೆ ಇದು ಲೈಟಿನ ಹಾಂಗೆ ಕೂಡ್ಲೆ ಹೊತ್ತುತ್ತಿಲ್ಲೆ, ಸ್ವಿಚ್ಚು ಎದ್ದು ಕೂದು ಕಣ್ಣು ಉದ್ದಿ ಎಲ್ಲೋರ ಗುರ್ತ ಹಿಡಿವಲೆ 7 ನಿಮಿಷ ಬೇಕಾತು. ಅಷ್ಟಪ್ಪಗ ಬಾಗಿಲು ತಟ್ಟುಲೆ ಸುರು ಆಗಿತ್ತು. ಎನಗೆ ಹೇಳೆಕ್ಕಾದ ಮಾತು, 'ಎನ್ನ ಕೈ ತಪ್ಪಿತ್ತು'. ಆನು ಹೇಳಿದ್ದು, 'ಇನ್ನೊಂದುದೇ ಹೋತು, ಅದಾಗಿಯೇ'. ರಿಪೋರ್ಟಿಲಿಯೂ ಹಾಂಗೇ ಬರದೆ. ಸರಿ ಇತ್ತಿದ್ದ ಪವರ್ ಸಪ್ಲೈಯನ್ನೂ ಹಾಳಾಯಿದು ಹೇಳಿ ಪೆಟ್ಟಿಗೆಲಿ ಹಾಕಿ ಕಂಪೆನಿಗೆ ಕಳ್ಸಿದವು. ಇದರ ಆನು ಆರತ್ತರುದೇ ಹೇಳಿದ್ದಿಲ್ಲೆ. ಅಂದು ಕೊಡೆಯಾಲದ ಆ ಕೋಣೆಲಿ ಅಪ್ಪನತ್ತರೆಯೂ ಹೇಳಿದ್ದಿಲ್ಲೆ. ಇಲ್ಲಿ ಬರವದೇ ಸುರು.

ಅಂದಿಂದ ಎನಗೆ ಒಂದು ಅಭ್ಯಾಸ. ಎಳವ ಮದಲು ಬೆರಳಿಲಿ ಮುಟ್ಟಿ ದೊಡ್ಡಕೆ ಹೇಳುದು, 'ಇದು ಕಿತ್ತಳೆ, ಇದು ಹಸುರು, ಹಸುರಿನ ಮುಟ್ಟೆ' ಹೇಳಿ. ಒಬ್ಬನೇ ಇದ್ದರೂ ಹೇಳುದೇ.

ಲ್ಯಾಪ್‌ಟಾಪಿಲಿ ಮದಲು ಲೆಕ್ಕ ನೋಡಿದೆ. ಎರಡು ಸಪ್ಲೈ ಇದ್ದ ಮಾತ್ರಕ್ಕೆ ಒಂದು ಸಾಕು ಹೇಳಿ ಅಲ್ಲ. ಒಂದೊಂದು 1,100 ವ್ಯಾಟಿಂದು ಹೇಳಿ ಆಗಲಿ. ಪೆಟ್ಟಿಗೆ 600 ತಿಂತರೆ ಒಂದು ಧಾರಾಳ. ಆದರೆ ಕೆಲವು ದಿಕ್ಕೆ ಎರಡನ್ನೂ ಕೂಡ್ಸಿ 1,500 ಖರ್ಚು ಮಾಡಿಯೊಂಡಿರ್ತವು, ಮತ್ತೆ ಮತ್ತೆ ಫೋನು, ಕೆಮರ ಹೇಳಿ ಕುತ್ತಿ ಕುತ್ತಿ. ಅಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಎಡಿಯ. ಇಲ್ಲಿ 600ರ ಹತ್ತರೆ ಇತ್ತು. ಅಕ್ಕು.

ಮತ್ತೆ ಕೆಲಸ ಸಸಾರ. ಕೈಗೆ ಒಂದು ಪಟ್ಟಿ ಕಟ್ಟಿ ಅದರ ವಯರಿನ ಪೆಟ್ಟಿಗೆಯ ಲೋಹಕ್ಕೆ ಸಿಕ್ಕುಸುದು, ನಮ್ಮ ಮೈಲಿಪ್ಪ ಕರೆಂಟು ಹಾರಿ ಸಾಮಾನು ಹಾಳಪ್ಪಲಾಗ ಹೇಳಿ. ಕಿತ್ತಳೆ ದೀಪದ್ದರ ಕರೆಂಟಿನ ವಯರು ತೆಗದು, ದೀಪ ನಂದುವನ್ನಾರ ಕಾವದು. ಕೊಕ್ಕೆ ಒತ್ತಿ, ಒಂದು ಕೈಲಿ ಹಿಡಿ ಎಳದು, ಇನ್ನೊಂದು ಕೈಯ ಅಡಿಂಗೆ ಕೊಡುದು. ಹೊಸತ್ತರ ಗಾಳಿ ಹೋಪ ದಿಕ್ಕು ಹಳೆದರ ಹಾಂಗೇ ಇದ್ದೋ ಹೇಳಿ ನೋಡೆಕ್ಕು. ಒಂದು ಮುಂದಂದ ಎಳದು ಹಿಂದೆ ಬಿಟ್ಟು, ಇನ್ನೊಂದು ಹಿಂದಂದ ಎಳದು ಮುಂದೆ ಬಿಟ್ಟರೆ ಪೆಟ್ಟಿಗೆ ಬೆಶಿ ಆಗಿ ಬೇವದು ಖಂಡಿತ. ಕೆಲವು ಕಂಪೆನಿಯವು ಹಿಡಿಗೆ ಕೆಂಪು, ನೀಲಿ ಬಣ್ಣ ಕೊಟ್ಟು ಇದರ ಸಸಾರ ಮಾಡಿದ್ದವು. ನೂಕುವಗ ಟಕ್ಕ ಹೇಳಿ ಶಬ್ದ ಬರೆಕ್ಕು. ಅದಾದ ಮತ್ತೆ ಕರೆಂಟಿನ ವಯರು. ದೀಪ ಒಂದರಿ ಮಿಣುಕಿ ಹಸುರಾತು. ಶಬ್ದ ನಿಂದಿದಿಲ್ಲೆ.

ಫ್ಯಾನಿಂದು ಆಗಿದ್ದರೆ ಇಷ್ಟು ನಿಧಾನ ಮಾಡ್ಲೆ ಆವುತ್ತಿತ್ತಿಲ್ಲೆ. ಫ್ಯಾನು ತೆಗದರೆ ಹೊಸತ್ತರ ಒಂದೆರಡು ನಿಮಿಷಲ್ಲಿ ಹಾಕೆಕ್ಕು, ಅಡಿಗೆಗೆ ಬೆಶಿ ಎಣ್ಣೆ ಮಡಗಿ ಸಾಸಮೆ ಹುಡ್ಕುಲೆ ಹೋದ ಹಾಂಗಪ್ಪಲಾಗ. ಸಾಮಾನು ಎಲ್ಲ ಹತ್ತರೆ ಮಡಗಿಯೊಂಡೇ ಹಳೆದರ ಎಳೆಯೆಕ್ಕು.

"ಆತೋ?" ಕೇಳಿದವು ಅಪ್ಪ. ರಜ ನಿರಾಶೆ ಆದ ಹಾಂಗೆ ಕಂಡತ್ತು. ಎದ್ದು ಬಂದು ಹಿಂದಾಣ ಹೊಡೆಲಿ ಬಗ್ಗಿ ನೋಡಿದವು. ಕೈ ಬೆನ್ನಿಂಗೆ ಕಟ್ಟಿಯೊಂಡು.

"ಇದು ಎರಡರ ವಯರು ಎಲ್ಲಿಗೆ ಹೋವುತ್ತು?"

ತೋಟಲ್ಲಿ ಪೈಪು ಎಲ್ಲಿಂದ ಎಲ್ಲಿಗೆ ಹೋವುತ್ತು ಹೇಳಿ ನೋಡಿ ನೋಡಿ ಅಭ್ಯಾಸ ಆದ ಕಣ್ಣು. ಆನು ಟಾರ್ಚು ಹಿಡುದು ಬಗ್ಗಿದೆ. ಎರಡು ವಯರುದೇ ಒಟ್ಟಿಂಗೇ ಕಟ್ಟಿ, ಕೆಳ ಇಳುದು, ಒಂದೇ ಪಟ್ಟಿಗೆ ಕುತ್ತಿಗೊಂಡಿತ್ತು. ಪಟ್ಟಿಯ ವಯರು ಒಂದು ಯುಪಿಎಸ್ಸಿಂಗೆ. ಎರಡನೇ ಯುಪಿಎಸ್ಸು ಹತ್ತರಾಣ ರ್‍ಯಾಕಿಲಿ ಹಸುರು ದೀಪ ಹೊತ್ತುಸಿಯೊಂಡು, ಖಾಲಿ ಪ್ಲಗ್ಗಿನ ಬಾಯಿ ಬಿಟ್ಟುಗೊಂಡು ಕೂದಿತ್ತು.

ಇದರಲ್ಲಿ ಆಸ್ಪತ್ರೆಯವರ ದೂರುವ ಹಕ್ಕು ಎನಗಿಲ್ಲೆ. ವರ್ಷಲ್ಲಿ 4 ಸರ್ತಿ ಬೆಂಗ್ಳೂರಿಲಿ ಕೂದು ಸ್ಕ್ರೀನಿಲಿ ನೋಡಿ 'ಎರಡು ಸಪ್ಲೈ, ಎರಡೂ ಸರಿ ಇದ್ದು' ಹೇಳಿ ಬರಕ್ಕೊಂಡಿತ್ತಿದ್ದದು ಆನೇ. ಸ್ಕ್ರೀನಿಲಿ ಎರಡೂ ಹಸುರೇ ಕಾಂಬದು. ವಯರು ಎಲ್ಲಿಗೆ ಹೋವುತ್ತು ಹೇಳಿ ಸ್ಕ್ರೀನಿಂಗೆ ಗೊಂತಿಲ್ಲೆ.

ಅಲ್ಲಿಯಾಣವರ ಒಪ್ಪಿಗೆ ಕೇಳಿ ಹೊಸತ್ತರ ವಯರಿನ ಎರಡನೇ ಯುಪಿಎಸ್ಸಿಂಗೆ ಕುತ್ತಿದೆ. "ಈಗ ಒಂದನೇ ಯುಪಿಎಸ್ಸಿನ ಒಂದರಿ ನಂದ್ಸಿ ನೋಡ್ತಿಲ್ಲೆಯೋ?" ಕೇಳಿದವು ಅಪ್ಪ. ಅದೇ ಸರಿ. ಆದರೆ ಹಗಲು ಹೊತ್ತು ಅಂತಾದ್ದಕ್ಕೆ ಆರೂ ಒಪ್ಪವು, ಆನಾದರೂ ಒಪ್ಪೆ. ಆಯಿತ್ಯವಾರ ಇರುಳು ಮಾಡುವ ಹೇಳಿ ಬರದು ಮಡಗಿ ಹೆರಟೆಯೊ. ಪಂಪಿನ ಸಾಮಾನಿನ ನೆಂಪು ಇಬ್ರಿಂಗೂ ಆಯಿದಿಲ್ಲೆ.

ಗುರುಪುರದ ಸಂಕದ ಮೇಲೆ ಬಪ್ಪಗ ಅಪ್ಪ ನೆಗೆ ಮಾಡಿಯೊಂಡೇ ಹೇಳಿದವು.

"ನಿಂಗೊ ಇಬ್ರು ಅಣ್ಣ ತಮ್ಮಂದುದೇ ಹಾಂಗೇ ಇತ್ತಿದ್ದಲ್ಲದೋ? ಎರಡೂ ವಯರು ಬೆಂಗ್ಳೂರಿಂಗೇ."

ಆನು ಗಾಡಿ ಬಿಟ್ಟುಗೊಂಡಿತ್ತಿದ್ದೆ, ಎಂತದೂ ಹೇಳಿದ್ದಿಲ್ಲೆ.

ಇಬ್ರು ಮಕ್ಕೊ, ಒಬ್ಬಂಗೆ ಆಗದ್ರೆ ಇನ್ನೊಬ್ಬ ಬತ್ತ ಹೇಳಿ ಎಂಗಳ ಧೈರ್ಯ. ಘಾಟಿಯೂ ಎರಡಿದ್ದನ್ನೆ. 2018ರ ಆಗಸ್ಟಿಲಿ ಶಿರಾಡಿ ಜರುದು ದಾರಿ ಮುಚ್ಚಿಯಪ್ಪಗ ತಮ್ಮ ಚಾರ್ಮಾಡಿಲಿ ಇಳುದು ಬೆಳ್ತಂಗಡಿ, ವೇಣೂರಿಲೆ ಆಗಿ ಬಂದ. 2019ರ ಆಗಸ್ಟಿಲಿ ಚಾರ್ಮಾಡಿ ಜರುದತ್ತು, ಆನು ಶಿರಾಡಿಲಿ ಬಂದೆ. ದಾರಿಗೆ ಎರಡು, ಮಕ್ಕೊ ಎರಡು. ಇಬ್ರುದೇ ಒಂದೇ ಊರಿಲಿ ಇಪ್ಪದು ಹೇಳ್ತದರ ಆರೂ ಲೆಕ್ಕ ಹಾಕಿದ್ದಿಲ್ಲೆ.

2020ರ ಮಾರ್ಚು 25ಕ್ಕೆ ದೇಶ ಇಡೀ ಬಾಗಿಲು ಹಾಕಿತ್ತು. ಅದಾಗಿ ಮೂರು ದಿನಕ್ಕೆ ಅಬ್ಬೆ ಬಚ್ಚಲಿಲಿ ಜಾರಿ ಬಿದ್ದು ಬಲದ ಕೈ ಮುರುದತ್ತು. ಮೂಡುಬಿದ್ರೆಲಿ ಡಾಕ್ಟ್ರು ಪ್ಲಾಸ್ಟರು ಹಾಕಿ, 6 ವಾರ ಕೈ ಆಡ್ಸುಲಾಗ ಹೇಳಿದವು. ಮನೆಲಿ 91 ವರ್ಷದ ಅಜ್ಜಿ ಹಾಸಿಗೆಲಿ, ಹಟ್ಟಿಲಿ ಕರವ ದನ. ಬೆಂಗ್ಳೂರಿಲಿ ಎಂಗೊ ಇಬ್ರು, ಎರಡು ಮೈಲು ದೂರಲ್ಲಿ ಇದ್ದರೂ ಎಂಗೊಗೇ ಒಬ್ಬನ ಇನ್ನೊಬ್ಬಂಗೆ ಕಾಂಬಲೆಡಿಯ.

ಮನೆಲಿ ಒಳುದ್ದು ಅಪ್ಪ. 40 ವರ್ಷಲ್ಲಿ ಒಂದು ಕಾಪಿ ಮಾಡಿದ ಜೆನ ಅಲ್ಲ. ಮನೆಲಿ ಇದ್ದವು ಹೇಳಿ ಎಂಗೊ ಎಲ್ಲ ಅವರನ್ನೂ ಒಂದು ಸಪ್ಲೈ ಹೇಳಿ ಲೆಕ್ಕ ಹಿಡ್ಕೊಂಡಿತ್ತಿದ್ದೆಯೊ. ಅಕ್ಕಿ ಏವ ಡಬ್ಬಿಲಿ ಹೇಳಿ ಅವಕ್ಕೆ ಗೊಂತಿತ್ತಿಲ್ಲೆ.

ಸುರುವಾಣ ಮೂರು ದಿನ ಹೆಜ್ಜೆ, ಉಪ್ಪಿನಕಾಯಿ. ಹಾಲು ಕರವಲೆ ನೆರೆಕರೆಯ ಅತ್ತೆ ಬಂತು, ಮೋರೆಗೆ ಸೆರಗು ಕಟ್ಟಿಯೊಂಡು, ಜೆಗಿಲಿಂದ ಹೆರವೇ ನಿಂದು ಪಾತ್ರ ಮಡಗಿಕ್ಕಿ ಹೋಕು. ನಾಲ್ಕನೇ ದಿನ ಅಪ್ಪ ವಿಡಿಯೋ ಕಾಲು ಮಾಡಿದವು. ಫೋನಿನ ಸಾಸಮೆ ಡಬ್ಬಿಗೆ ಎರಗುಸಿ ಮಡಗಿ, ಎದುರು ನಿಂದವು. ಅಬ್ಬೆ ಪ್ಲಾಸ್ಟರಿನ ಕೈ ಮಡಿಲಿಲಿ ಮಡಗಿಯೊಂಡು ಕುರ್ಚಿಲಿ.

"ಉಪ್ಪು ಎಷ್ಟು?"

"ಅಂದಾಜಿಂಗೆ."

"ಅಂದಾಜು ಹೇಳಿರೆ ಎಷ್ಟು?"

ಅಬ್ಬೆಗೆ ಹೇಳ್ಲೆ ಅರಡಿಯ. ಅದರ ಕೈಗೆ ಗೊಂತಿದ್ದು, ಕೈಗೆ ಪ್ಲಾಸ್ಟರು. ಎಡದ ಕೈಲಿ ಹಾಕಿ ನೋಡಿತ್ತು, ಅಪ್ಪ ಅದರ ಚಮ್ಚಲ್ಲಿ ಅಳದು ಅಡಕ್ಕೆ ಲೆಕ್ಕದ ಪುಸ್ತಕದ ಹಿಂದಾಣ ಪುಟಲ್ಲಿ ಬರದವು. ತಿಮರೆ ತಂಬುಳಿ, ಉಪ್ಪು ಮುಕ್ಕಾಲು ಚಮ್ಚ. ಪುಸ್ತಕ ಈಗಳೂ ಇದ್ದು. ಒಂದು ಹೊಡೆಂದ ಅಡಕ್ಕೆ, ಇನ್ನೊಂದು ಹೊಡೆಂದ ಸಾರು, ಕೊದಿಲು, ಮೇಲಾರ. ಅಜ್ಜಿಗೆ ತಂಬುಳಿ ಕೊಟ್ಟು "ಹೇಂಗಿದ್ದು?" ಕೇಳಿದವಡ. "ಲಾಯ್ಕಿದ್ದು. ಆರು ಮಾಡಿದ್ದು?" ಹೇಳಿತ್ತಡ ಅಜ್ಜಿ. ಅಪ್ಪ ಹೇಳಿದ್ದರ ಅದು ಅಕೇರಿವರೆಗೂ ನಂಬಿದ್ದಿಲ್ಲೆ.

ಮೇ ತಿಂಗಳ ಸುರುವಿಲಿ ಜಿಲ್ಲೆ ದಾಂಟುಲೆ ಬಿಟ್ಟಪ್ಪಗ ಪಾಸು ಮಾಡ್ಸಿಗೊಂಡು ಆನು ಮನೆಗೆ ಎತ್ತಿದೆ. ಅಪ್ಪ 8 ಕಿಲೋ ಇಳುದಿತ್ತಿದ್ದವು. "ಎಂತ ಇಲ್ಲೆ, ಅಡಿಗೆ ಒಳ ಬೆಶಿ ಜಾಸ್ತಿ" ಹೇಳಿದವು. ಅದಾಗಿ ಎಂಗೊ ಸರದಿ ಮಾಡಿದೆಯೊ, ಒಂದು ತಿಂಗಳು ಆನು ಊರಿಲಿ, ಒಂದು ತಿಂಗಳು ತಮ್ಮ. ಇಬ್ರಿಂಗೂ ಮನೆಂದ ಕೆಲಸ ಮಾಡ್ಲಕ್ಕು, ಮನೆಗೆ ಫೈಬರು ಬಯಿಂದು.

ಸುರುವಿಂಗೆ ಅದರಲ್ಲಿಯೂ ಒಂದು ತಪ್ಪಾತು. ತಮ್ಮ ಉದಿಯಪ್ಪಗ ಹೆರಟ, ಆನು ಹೊತ್ತೋಪಗ ಎತ್ತಿದೆ. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಯ ಡಾಕ್ಟ್ರು ಅರ್ಧ ಮಾಡಿತ್ತಿದ್ದವು, ತಮ್ಮಂಗೆ ಹೇಳ್ಲೆ ಮರತ್ತತ್ತು. ಆನು ಹಳೆ ಲೆಕ್ಕಲ್ಲಿ ಇಡೀ ಮಾತ್ರೆ ಕೊಟ್ಟೆ. ಮರದಿನ ಮಧ್ಯಾನ್ನಪ್ಪಗ ಅಪ್ಪ ಜೆಗಿಲಿಲಿ ಬೆಗರಿ ಕೂದಿತ್ತಿದ್ದವು, ಕೈ ನಡುಗಿಯೊಂಡು. ಬೆಲ್ಲ ತಿಂದು ಸರಿ ಆತು. ಅಂದಿಂದ ಬಂದವ ಬಂದ ಮತ್ತೆ ಎರಡು ಇರುಳು ಇಬ್ರೂ ಒಟ್ಟಿಂಗೆ ಇಪ್ಪದು, ಮತ್ತೆಯೇ ಹೋಪವ ಹೋಪದು. ಮರುವರ್ಷ ಅಜ್ಜಿ ತೀರಿ ಹೋದ್ದು ಹಾಂಗಿಪ್ಪ ಎರಡು ಇರುಳಿಲಿ. ಎಂಗೊ ಇಬ್ರೂ ಇತ್ತಿದ್ದೆಯೊ.

ಆಯಿತ್ಯವಾರ ಇರುಳು 1 ಗಂಟೆಗೆ ಆನು ಒಬ್ಬನೇ ಕೊಡೆಯಾಲಕ್ಕೆ ಹೋದೆ. ಲ್ಯಾಬು, ವಾರ್ಡು, ಚೀಟು ಮಾಡುವಲ್ಲಿ ಎಲ್ಲ ದಿಕ್ಕೆ ಹೇಳಿ ಮಡಗಿತ್ತು. ಒಂದನೇ ಯುಪಿಎಸ್ಸಿನ ಹೆಸರು ಓದಿ, ಬೆರಳಿಲಿ ಮುಟ್ಟಿ, ದೊಡ್ಡಕೆ ಹೇಳಿ, ನಂದ್ಸಿದೆ. ಒಂದು ದೀಪ ಕಿತ್ತಳೆ ಆತು. ಎರಿಯ ಶಬ್ದ ಹಾಂಗೇ ಇತ್ತು. 10 ನಿಮಿಷ ಕೂದು ಕೇಳಿದೆ, ಮತ್ತೆ ವಾಪಾಸು ಹೊತ್ತುಸಿದೆ. ಅದೇ ಹೊತ್ತಿಂಗೆ ಫೋನು ಗುಂಯ್ ಹೇಳಿತ್ತು.

"ನಿಂದತ್ತೋ?" ಅಪ್ಪಂಗೆ ಒರಕ್ಕು ಬಯಿಂದಿಲ್ಲೆ.

"ಇಲ್ಲೆ ಅಪ್ಪ. ಓಡ್ತಾ ಇದ್ದು."

"ಸರಿ ಅಂಬಗ. ಬಪ್ಪಗ ನಿಧಾನ ಬಾ. ಕೈಕಂಬಲ್ಲಿ ದನಂಗೊ ಮನಿಕ್ಕೊಂಡಿರ್ತು."

ಈಗ ಎಂಗಳಲ್ಲಿ ಶೆನಿವಾರದ ಅಡಿಗೆ ಅಪ್ಪಂದು. ಅಬ್ಬೆಯ ಕೈ ಸರಿ ಆದ ಮತ್ತೆಯೂ ಅದು ಬಿಟ್ಟಿದಿಲ್ಲೆ. ಶೆನಿವಾರ ಉದಿಯಪ್ಪಗ ಅದು ಜೆಗಿಲಿಲಿ ಕೂದು ಹೂಗು ಕಟ್ಟುಗು, ಅಡಿಗೊಳಂಗೆ ಕಾಲು ಮಡಗ. ಒಳಂದ ಎಂತ ಬಿದ್ದರೂ, ಎಂತ ಕರಂಚಿದ ವಾಸನೆ ಬಂದರೂ ಏಳ. ಕಳುದ ವಾರ ಸಾರಿಂಗೆ ಉಪ್ಪು ಎರಡು ಸರ್ತಿ ಬಿದ್ದಿತ್ತು. ಅಬ್ಬೆ ಉಂಡತ್ತು, ಮಜ್ಜಿಗೆ ರಜ ಜಾಸ್ತಿ ಬಳುಸಿಗೊಂಡತ್ತು, ಎಂತದೂ ಹೇಳಿದ್ದಿಲ್ಲೆ. ಕೈ ತೊಳದಿಕ್ಕಿ ಬಂದ ಅಪ್ಪ ಅಡಕ್ಕೆ ಪುಸ್ತಕ ತೆಗದು, ತಿರುಗುಸಿ, ಸಾರಿನ ಪುಟಲ್ಲಿ ಎಂತದೋ ಬರದವು.